ಹೆಸರಿಲ್ಲದ ತಿಂಗಳು

ಶಹಾಬಾದಿನ ರೈಲು ಹಳಿಗಳ ಆಚೆಗಿದ್ದ ಮಜೀದಸಾಬರ ಪಾಲಿಶ್ ಕಾರಖಾನೆಯಲ್ಲಿ ಮಾಳಮ್ಮನದು ನೀರಿನ ಕೆಲಸ. ಗಂಡ ರೇವಣಪ್ಪ ಫರಸಿ ಕಲ್ಲಿನ ಮೇಲೆ ಮಷೀನು ತಿರುಗಿಸುವಾಗ ಅವಳು ಮಗ್ಗುಲಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಡಬ್ಬಿಯಿಂದ ಸಣ್ಣಗೆ ನೀರು ಬಿಡುತ್ತಿದ್ದಳು. ಬೂದಿ ಬಣ್ಣದ ರಾಡಿ ಹರಿದು ಹೋದಂತೆ ಕಲ್ಲಿನ ಮೈ ಮೆಲ್ಲಗೆ ಹೊಳಪಾಗುತ್ತಿತ್ತು. ಆಮೇಲೆ ಅದನ್ನು ತೊಳೆದು, ಗೋಡೆಗೆ ಆನಿಸಿ ನಿಲ್ಲಿಸಿ, ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಜೋಳದ ಒಣ ದಂಟಿನ, ಕಣಿಕೆಯ, ತುಂಡು ಇಡುವುದೂ ಅವಳದೇ ಕೆಲಸ. ಲಾರಿ ಬಂದು ನಿಂತ ದಿನ ಗಡಿಬಿಡಿಯಲ್ಲಿ ಯಾರಾದರೂ ಕಣಿಕೆ ಮರೆತರೆ, ಹಸಿ ಕಲ್ಲಿನ ನುಣುಪು ಮೈ ಇನ್ನೊಂದರ ನುಣುಪು ಮೈಗೆ ಕೂತುಬಿಡುತ್ತಿತ್ತು. ಇಬ್ಬರು ಗಂಡಸರು ಎರಡೂ ಕಡೆ ಹಿಡಿದು ಎಳೆದರೂ ಬಿಡುತ್ತಿರಲಿಲ್ಲ. ಜೋರು ಮಾಡಿದರೆ ಮೂಲೆ ಮುರಿಯುತ್ತಿತ್ತು.

"ಹೊಸಾ ಗಂಡಾ ಹೆಂಡತಿ ಅದಾವ, ಯಾಕ ಬಿಡಸ್ತೀರೋ ಪಾಪ," ಎಂದು ಮಜೀದಸಾಬರು ಕುರ್ಚಿಯಲ್ಲಿ ಕುಳಿತೇ ನಗುತ್ತಿದ್ದರು. "ಮಾಳಮ್ಮನ್ನ ಕರೀರಿ. ಜೋಡಿ ಮುರಿಯೂ ಕೆಲಸ ಆಕಿಗೆ ಛಲೋ ಬರತದ."

"ನಾ ಜೋಡಿ ಮುರಿಯಂಗಿಲ್ರಿ ಮಾಲಕ್ರ. ನಡುವ ಗಾಳಿ ಆಡ್ಲಿಕ್ಕೆ ಜರಾ ಜಾಗಾ ಮಾಡಿ ಕೊಡ್ತೀನಿ," ಎಂದು ಮಾಳಮ್ಮ ಬಟ್ಟೆ ಒಗೆಯುವ ಸಾಬೂನಿನ ಚೂರನ್ನು ನೀರಿನಲ್ಲಿ ಕದಡಿ ತರುತ್ತಿದ್ದಳು. ಎರಡು ಕಲ್ಲು ಸೇರಿದ ಅಂಚಿನುದ್ದಕ್ಕೂ ಆ ನೀರನ್ನು ಬೆರಳಿನಿಂದ ಇಳಿಬಿಟ್ಟು, ಸುಮ್ಮನೆ ಕುಳಿತುಕೊಳ್ಳುತ್ತಿದ್ದಳು. "ಎಳೀಬ್ಯಾಡ್ರಿ, ತಡೀರಿ," ಎನ್ನುತ್ತಿದ್ದಳು. ನೀರು ಒಳಗೆ ತನ್ನ ದಾರಿ ತಾನು ಹುಡುಕಿಕೊಳ್ಳಬೇಕು. ಹೊತ್ತಾದ ಮೇಲೆ ಅಂಗೈ ಊರಿ ಓರೆಯಾಗಿ ನೂಕಿದರೆ ಮೇಲಿನ ಕಲ್ಲು ಮಗು ಮಗ್ಗುಲು ಬದಲಿಸಿದಂತೆ ಸರಿಯುತ್ತಿತ್ತು.

ಮಗು ಎಂಬ ಮಾತು ಅವಳ ಮನಸ್ಸಿಗೆ ಹೀಗೆ ಎಲ್ಲಿಂದಲೋ ಬಂದು ಕೂಡುತ್ತಿತ್ತು. ಮಧ್ಯಾಹ್ನ ಮಷೀನು ನಿಂತು ಎಲ್ಲರೂ ಬುತ್ತಿ ಬಿಚ್ಚಿದಾಗ ಆಚೆ ಓಣಿಯಿಂದ ಯಾರದೋ ಕೂಸು ಅಳುವುದು ಕೇಳಿಸುತ್ತಿತ್ತು. ತಾಯಿ ಗದರಿಸುವುದೂ, ಅದು ಇನ್ನಷ್ಟು ಬಾಯಿ ಮಾಡುವುದೂ ಕೇಳಿಸುತ್ತಿತ್ತು. ಮಾಳಮ್ಮನ ಕೈಯಲ್ಲಿ ರೊಟ್ಟಿ ಮುರಿದದ್ದು ಮುರಿದಂತೆಯೇ ಉಳಿಯುತ್ತಿತ್ತು. ಅವಳು ಎರಡು ಸಲ ಹಡೆದಿದ್ದಳು. ಬಾಯಿ ತುಂಬ ಅಳುವ ಕೂಸಿನ ದನಿಯನ್ನು ತನ್ನ ಮಗ್ಗುಲಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮೊದಲನೆಯದು ಗಂಡು. ತವರು ಕುರಕುಂಟಾದಲ್ಲಿ ಹಡೆದದ್ದು. ಬಿಸಿಲು ಏರುವ ಮೊದಲು ಹುಟ್ಟಿ, ಬಿಸಿಲು ಇಳಿಯುವುದರೊಳಗೆ ಹೋಗಿಬಿಟ್ಟಿತು. ಎರಡನೆಯದು ಹೆಣ್ಣು, ಇಲ್ಲೇ ಶಹಾಬಾದಿನಲ್ಲಿ, ಸೂಲಗಿತ್ತಿ ತಾಜುನ್ನಿಸಾಳ ಕೈಯಲ್ಲಿ. ಅದು ಅಳಲಿಲ್ಲ. ಉಸಿರು ಬಿಟ್ಟಾಗಲೆಲ್ಲ ಗಂಟಲಲ್ಲಿ "ಹ್ಞೂಂ, ಹ್ಞೂಂ" ಎಂದು ನರಳುತ್ತಿತ್ತು, ದೂರದಲ್ಲಿ ಪಾರಿವಾಳ ಗೊಣಗಿದಂತೆ. ಉಸಿರು ಒಳಗೆ ಎಳೆದಾಗ ಎದೆಯ ಸಣ್ಣ ಎಲುಬುಗಳ ನಡುವೆ ಚರ್ಮ ಗುಳಿ ಬೀಳುತ್ತಿತ್ತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಮಾಳಮ್ಮ ಅದನ್ನು ಎದೆಗೆ ಅವಚಿಕೊಂಡು ಒಂದು ಹಗಲು, ಒಂದು ರಾತ್ರಿ ಆ ನರಳಿಕೆಯನ್ನೇ ಕೇಳಿದಳು. ಅದು ನಿಂತ ಮೇಲೆ, ನಿಲ್ಲಬಾರದಿತ್ತು, ಅಷ್ಟಾದರೂ ಇರಬೇಕಿತ್ತು ಅನ್ನಿಸಿತು. ಎಷ್ಟೋ ದಿನ ಕಾರಖಾನೆಯ ಸೂರಿನಲ್ಲಿ ಪಾರಿವಾಳಗಳು ದನಿ ತೆಗೆದರೆ ಅವಳು ನೀರು ಬಿಡುವುದನ್ನೂ ಮರೆತು ಕತ್ತೆತ್ತಿ ನೋಡುತ್ತಿದ್ದಳು.

"ನೀರ ಬಿಡೇ ಮಾರಾಯ್ತಿ, ಕಲ್ಲು ಸುಡ್ಲಿಕತ್ತದ," ಎಂದು ರೇವಣಪ್ಪ ಕೂಗಬೇಕಾಗುತ್ತಿತ್ತು. ಕೂಗಿದ ಮೇಲೆ ಅವನೂ ಸೂರಿನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸುತ್ತಿದ್ದ.

ಎರಡೂ ಎಂಟನೆಯ ತಿಂಗಳಲ್ಲಿ ಹುಟ್ಟಿದವು. ಅತ್ತೆ ಸೂಗಮ್ಮನಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಅವಳ ಮನೆಯಲ್ಲಿ ಬಸುರಿಯ ಎಂಟನೆಯ ತಿಂಗಳಿಗೆ ಹೆಸರಿಲ್ಲ. ಏಳು ಮುಗಿದರೆ ಒಂಬತ್ತು. ಅವಳ ಅತ್ತೆ ಅವಳಿಗೆ ಕಲಿಸಿದ್ದು ಹಾಗೆ. ಆ ತಿಂಗಳ ಹೆಸರು ಬಾಯಲ್ಲಿ ಬಂದರೆ ಅದು ಕೇಳಿಸಿಕೊಳ್ಳುತ್ತದೆ, ಕರೆದರೆಂದು ಬಂದು ಬಾಗಿಲಲ್ಲಿ ನಿಲ್ಲುತ್ತದೆ ಎಂದು. ಮೊದಲ ಸಲ ಕುರಕುಂಟಾದ ಬೀಗತಿ ನಾಲ್ಕು ಮಂದಿ ಹೆಂಗಸರ ಮುಂದೆ "ನಮ್ಮ ಹುಡುಗಿ ಎಂಟರಾಗ ಬಿದ್ದಾಳ" ಅಂದಿದ್ದಳಂತೆ. ಎರಡನೆಯ ಸಲ ಮಾಳಮ್ಮನೇ ತಾಜುನ್ನಿಸಾ ಕೇಳಿದಳೆಂದು ಬಾಯಿ ಬಿಟ್ಟಿದ್ದಳು. ಎರಡು ಸಲ ಹೇಳಿದರು, ಎರಡು ಸಲವೂ ಅದು ಬಂತು. ಇನ್ನೇನು ಸಾಕ್ಷಿ ಬೇಕು?

ಸೂಗಮ್ಮ ಕೆಟ್ಟವಳಲ್ಲ. ಸೊಸೆ ಕಳೆದುಕೊಂಡ ಕೂಸುಗಳಿಗಾಗಿ ಅವಳೂ ಗೋಡೆಗೆ ಮುಖ ಮಾಡಿ ಅತ್ತವಳು. ಈ ಸಲ ಸೊಸೆಗೆ ಮುಟ್ಟು ನಿಂತಿತೆಂದು ತಿಳಿದಾಗ ಭಾರದ ಕೆಲಸವನ್ನೆಲ್ಲ ತಾನೇ ಮೈಮೇಲೆ ಹಾಕಿಕೊಂಡಳು, ಬಾವಿಯ ನೀರು ತಾನೇ ಸೇದಿದಳು. ಶಿವರಾತ್ರಿ ಕಳೆದ ಮೇಲೆ ಒಂದು ಮುಂಜಾನೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಸೊಸೆಯ ಮುಖ ನೋಡಿದಳು.

"ಇವತ್ತಿಂದ ಒಂಬತ್ತು ನಿನಗ. ತಿಳೀತಿಲ್ಲೋ?"

"ತಿಳೀತ್ರಿ ಅತ್ತಿ."

"ಯಾರ ಕೇಳ್ಲಿ. ತವರ ಮಂದಿ ಕೇಳ್ಲಿ, ಸ್ವಾಮಿ ಕೇಳ್ಲಿ. ಒಂಬತ್ತು."

"ಹ್ಞೂಂ."

ಮಾಳಮ್ಮ ಒಪ್ಪಿದ್ದು ಹೆದರಿ ಅಲ್ಲ. ಅವಳಿಗೂ ಅದು ನಿಜವೇ ಇರಬಹುದು ಅನ್ನಿಸಿತ್ತು. ಸುಮ್ಮನಿರುವುದರಿಂದ ಒಂದು ಕೂಸು ಉಳಿಯುವುದಾದರೆ ಅವಳು ಜೀವನವಿಡೀ ಮೂಕಿಯಾಗಿ ಇರಲೂ ಸಿದ್ಧಳಿದ್ದಳು.

ಹೋಳಿ ಹುಣ್ಣಿಮೆಗೆ ಇನ್ನೂ ಕೆಲವು ದಿನವಿದ್ದಾಗ, ಒಂದು ಮುಂಜಾನೆ, ಅಂಗಳ ಸಾರಿಸಲು ಬಗ್ಗಿದವಳಿಗೆ ನಡು ಹಿಡಿದಂತಾಯಿತು. ಸ್ವಲ್ಪ ಹೊತ್ತಿಗೆ ಬಿಟ್ಟು, ಮತ್ತೆ ಹಿಡಿಯಿತು. ಸೂಗಮ್ಮ ತಾಜುನ್ನಿಸಾಳನ್ನು ಕರೆಸಿದಳು. ಮುದುಕಿ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು, ಎಲ್ಲ ಕಡೆ ಒತ್ತಿ ನೋಡಿ ಕೈ ತೆಗೆದಳು.

"ಸೂಗಮ್ಮ ಬಾಯಿ, ಈ ಸಲ ನನ್ನ ಕೈಲೆ ಬ್ಯಾಡ," ಎಂದಳು. "ಹಿಂದಿನ ಕೂಸಿನ ದನಿ ನನ್ನ ಕಿವ್ಯಾಗಿಂದ ಇನ್ನಾ ಹೋಗಿಲ್ಲ. ವಾಡಿಗೆ ಒಬ್ಬಾಕಿ ಡಾಕ್ಟರಬಾಯಿ ಬಂದಾಳ, ಹಮೀದಾಬೇಗಂ ಅಂತ. ಪ್ಯಾಸೆಂಜರ್ ಗಾಡಿ ಬರೂ ಹೊತ್ತಾಗ್ಯಾದ. ಏಳ್ರಿ, ಹೋಗ್ರಿ."

"ದವಾಖಾನ್ಯಾಗ ನೂರೆಂಟು ಕೇಳ್ತಾರಲ್ಲೇ ತಾಜು."

"ಕೇಳಿದ್ರ ಹೇಳ್ರಿ. ಬಾಯಿ ಇಲ್ಲೇನು ನಿಮಗ? ಓಣ್ಯಾಗ ಜಗಳಕ್ಕ ನಿಂತ್ರ ಸ್ಟೇಷನ್ ತನಕ ಕೇಳಸ್ತದ."

ಗಾಡಿಯಲ್ಲಿ ಕಿಟಕಿಯ ಪಕ್ಕ ಮಾಳಮ್ಮನನ್ನು ಕೂಡಿಸಿದರು. ರೇವಣಪ್ಪ ಮೈಯಿಗೆ ಹತ್ತಿದ ಕಲ್ಲಿನ ಹಿಟ್ಟನ್ನೂ ತೊಳೆಯದೆ ಬಂದಿದ್ದ. ಹಳಿಯ ಎರಡೂ ಕಡೆ ಕಲ್ಲಿನ ಗಣಿಗಳು ಹಿಂದೆ ಸರಿದವು, ಮೆಟ್ಟಿಲು ಮೆಟ್ಟಿಲಾಗಿ ಇಳಿದ ನೆಲ, ತಳದಲ್ಲಿ ಹಸಿರು ನೀರು. ನೋವು ಬಂದಾಗ ಮಾಳಮ್ಮ ಕಿಟಕಿಯ ಸರಳು ಹಿಡಿದಳು. ನೋವು ಬಿಟ್ಟಾಗ ಹೊಟ್ಟೆಯೊಳಗೆ ಕೂಸು ಒದ್ದದ್ದು ತಿಳಿಯಿತು. ಅಷ್ಟು ಜೋರಾಗಿ ಒದೆಯುವುದು ಹುಟ್ಟಿದ ಮೇಲೆ ಯಾಕೆ ಉಸಿರಾಡಲಾರದು ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು. ಕೇಳಲು ಯಾರೂ ಇರಲಿಲ್ಲ.

ವಾಡಿಯ ಹೆರಿಗೆ ದವಾಖಾನೆಯೆಂದರೆ ಒಂದು ಉದ್ದ ಕೋಣೆ, ಅದರ ಹಿಂದೆ ಒಂದು ಸಣ್ಣ ಕೋಣೆ, ಹೊರಗೆ ಬೇವಿನ ಗಿಡ. ಹಮೀದಾಬೇಗಂ ನಡುವಯಸ್ಸಿನವರು, ಬಿಳಿಯ ಕೋಟಿನ ತೋಳು ಮೊಣಕೈವರೆಗೆ ಮಡಚಿದ್ದರು. ಮಾಳಮ್ಮನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿ, ಕಿವಿಗೊಟ್ಟು ಕೇಳಿ, ಸೂಗಮ್ಮನ ಕಡೆ ತಿರುಗಿದರು.

"ಎಷ್ಟರಾಗ ಅದಾಳ್ರಿ?"

"ಒಂಬತ್ತರಾಗ ಬಾಯಾರ. ಒಂಬತ್ತು ತುಂಬಲಿಕ್ಕೆ ಬಂದದ."

"ಕೂಸು ಭಾಳ ಸಣ್ಣದು ಅನಸ್ತದಲ್ಲ."

"ನಮ್ಮ ಮಂದಿನೇ ಸಣ್ಣ ಆಳು. ಇವನ್ನ ನೋಡ್ರಿಲಾ," ಎಂದು ಸೂಗಮ್ಮ ಬಾಗಿಲಲ್ಲಿ ನಿಂತ ಮಗನನ್ನು ತೋರಿಸಿದಳು. ರೇವಣಪ್ಪ ಆರಡಿಗೆ ಹತ್ತಿರದವನು. ಅವನು ಇನ್ನಷ್ಟು ಕುಗ್ಗಿ ಬಾಗಿಲ ಮರೆಗೆ ಸರಿದ.

ಡಾಕ್ಟರು ನಕ್ಕರು. "ಇದು ಸಣ್ಣ ಆಳಾ? ಇರ್ಲಿ. ಮೊದಲಿನ ಮಕ್ಕಳು?"

ಇದನ್ನು ಮಾಳಮ್ಮನೇ ಹೇಳಿದಳು. ಗಂಡು, ಹೆಣ್ಣು. ಅಳಲಿಲ್ಲ. ಹೆಣ್ಣುಕೂಸು ಪಾರಿವಾಳದಂತೆ ನರಳಿದ್ದು, ಎದೆ ಗುಳಿ ಬೀಳುತ್ತಿದ್ದದ್ದು. ತನ್ನ ಗಂಟಲಿನಿಂದ ಆ ದನಿ ತೆಗೆದು ತೋರಿಸಿದಳು, "ಹ್ಞೂಂ, ಹ್ಞೂಂ" ಎಂದು. ಹಮೀದಾಬೇಗಂ ಸ್ಟೂಲು ಎಳೆದುಕೊಂಡು ಕುಳಿತರು.

"ತಿಂಗಳ ತುಂಬದ ಮಕ್ಕಳು ಹಂಗ ನರಳತಾವವ್ವ," ಎಂದರು. "ನಮ್ಮ ಎದ್ಯಾಗ ಗಾಳಿ ತುಂಬೂ ಚೀಲ ಅದಾವ, ರಾಜಗಿರಿ ಕಾಳಕಿಂತಾ ಸಣ್ಣವು, ಲೆಕ್ಕ ಇಲ್ಲದಷ್ಟು. ಅವು ಒಳಗ ಯಾವತ್ತೂ ಹಸಿ. ಹಸಿ ಇದ್ದ ಚೀಲ ಉಸರು ಬಿಟ್ಟ ಕೂಡ್ಲೇ ಮುದುಡಿ ಅಂಟಿಕೊಂಡು ಬಿಡ್ತದ. ಹಂಗ ಅಂಟಬಾರದಂತ ಒಳಗೊಂದು ನಮೂನಿ ಜಿಡ್ಡು ಇರ್ತದ, ಸಾಬೂನಿನ ನೊರಿ ಇದ್ದಂಗ. ತೆಳ್ಳಗ ಸವರಿದಂಗ ಇರ್ತದ. ಆ ಜಿಡ್ಡು ತಯಾರಾಗೂದು ಬಸರಿನ ಕಡೀ ದಿನದಾಗ. ಅದಕ್ಕಿಂತಾ ಮೊದಲ ಹುಟ್ಟಿದ್ರ, ಪ್ರತಿ ಉಸರಿಗೂ ಅಂಟಿದ್ದನ್ನ ಹೊಸದಾಗಿ ಬಿಚ್ಚಬೇಕು. ಆ ಕೂಸು ನರಳ್ತಿತ್ತಲ್ಲ, ಅದು ಒಳಗಿನ ಗಾಳಿ ಪೂರಾ ಹೊರಗ ಹೋಗದಂಗ ಗಂಟಲದಾಗ ಹಿಡದ ಇಟ್ಕೊಳ್ಳಿಕತ್ತಿತ್ತು. ಬಿಟ್ರ ಮುಚ್ಚಿಹೋಗತದಂತ. ಹಿಡದು ಹಿಡದು ದಣೀತು."

ಮಾಳಮ್ಮ ಸೂರಿನ ಕಡೆ ನೋಡುತ್ತ ಮಲಗಿದ್ದಳು. ನುಣುಪಾದ ಎರಡು ಹಸಿ ಕಲ್ಲು ಅವಳ ಕಣ್ಣಿಗೆ ಕಟ್ಟಿದವು. ಇಬ್ಬರು ಗಂಡಸರು ಎಳೆದರೂ ಬಿಡದ ಕಲ್ಲುಗಳು. ಅಂಗೈಯಗಲದ ಎದೆಯೊಳಗೆ ಲೆಕ್ಕವಿಲ್ಲದಷ್ಟು ಅಂಥ ಜೋಡಿ. ಅವನ್ನು ಒಂದೊಂದು ಉಸಿರಿಗೂ ಒಬ್ಬಳೇ ಬಿಡಿಸುತ್ತ ಬಿಡಿಸುತ್ತ, ಒಂದು ಹಗಲು, ಒಂದು ರಾತ್ರಿ. ತಾನು ಮಗ್ಗುಲಲ್ಲೇ ಇದ್ದೆ, ಮಗಳು ಇಷ್ಟು ಕೆಲಸ ಮಾಡುತ್ತಿದ್ದಾಳೆಂದು ತಿಳಿಯಲಿಲ್ಲ. ಅವಳ ಕಣ್ಣಂಚಿನಿಂದ ನೀರು ಕಿವಿಯೊಳಕ್ಕೆ ಇಳಿಯಿತು.

"ಇದಕ್ಕ ಔಷಧ ಇಲ್ಲೇನ್ರಿ?" ಎಂದು ರೇವಣಪ್ಪ ಬಾಗಿಲಿಂದ ಕೇಳಿದ.

"ಹುಟ್ಟಿದ ಮ್ಯಾಲ ಕೊಡೂದು ನಮ್ಮ ಕಡೆ ಏನೂ ಇಲ್ಲ. ಹುಟ್ಟೂ ಮೊದಲ ತಾಯಿಗೆ ಒಂದು ಇಂಜೆಕ್ಷನ್ ಅದ. ಕೂಸಿನ ಎದ್ಯಾಗ ಆ ಜಿಡ್ಡು ಜಲ್ದಿ ತಯಾರಾಗತದ. ನಾ ಹೈದರಾಬಾದದಾಗ ಕಲಿಯೂ ಮುಂದ ನೋಡೀನಿ. ಖಾತ್ರಿ ಅಂತ ಹೇಳಂಗಿಲ್ಲ, ಆದ್ರ ಭಾಳ ಮಕ್ಕಳು ಉಳದಾವ. ಅದಕ್ಕ ಒಂದ್ ದಿನ ಎರಡ್ ದಿನ ಬೇಕು, ಅಲ್ಲೀತನ ಬ್ಯಾನಿ ತಡದು ನಿಲ್ಲಿಸಬೇಕು." ಡಾಕ್ಟರು ಎದ್ದು ನಿಂತರು. "ನಿಮಗದು ಬೇಕಾಗಿಲ್ಲ. ಒಂಬತ್ತು ತುಂಬಲಿಕ್ಕೆ ಬಂದದಂದ್ರ ಕೂಸಿನ ಎದಿ ತಯಾರಾಗ್ಯಾದ. ತುಂಬಿದ ಬ್ಯಾನಿ ತಡದ್ರ ತಾಯಿಗೂ ತ್ರಾಸು, ಕೂಸಿಗೂ ತ್ರಾಸು. ಹಡೀಲಿ ಬಿಡ್ರಿ. ಹೆದರಬ್ಯಾಡವ್ವ."

ಅವರು ಕೈ ತೊಳೆಯಲು ಹೊರಟರು. ಸೂಗಮ್ಮ ಸೊಸೆಯ ಕೈ ಗಟ್ಟಿಯಾಗಿ ಹಿಡಿದಿದ್ದಳು. ಮಾಳಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯನ್ನು ಎಷ್ಟು ಸಣ್ಣಗೆ ಅಲ್ಲಾಡಿಸಿದಳೆಂದರೆ ಬೇರೆ ಯಾರಿಗೂ ಅದು ಕಾಣಲಿಲ್ಲ. ಬ್ಯಾಡ.

ಎರಡು ಸಲ ಹೇಳಿದಾಗಲೂ ಅದು ಬಂದಿತ್ತು. ಈಗ ಹೇಳಿದರೆ ಮೂರನೆಯ ಸಲ. ಕೂಸು ಹೋದರೆ, ನಾನೇ ಕರೆದೆನೆಂದು ಸಾಯುವತನಕ ಅನ್ನಿಸುತ್ತದೆ. ಹೇಳದಿದ್ದರೆ? ಹೇಳದಿದ್ದರೂ ಕಲ್ಲು ಕಲ್ಲೇ. ಕಣಿಕೆ ಇಡದ ಕಲ್ಲು ಬಾಯಿ ಮುಚ್ಚಿಕೊಂಡು ಕುಳಿತರೆ ತಾನಾಗಿ ಬಿಡುತ್ತದೆಯೇ? ನೋವು ಮತ್ತೆ ಏರಿ ಬಂತು. ಅದರ ನಡುವೆ ಕೂಸು ಒದ್ದಿತು, ಜೋರಾಗಿ, ಪಕ್ಕೆಗೆ.

"ಬಾಯಾರ," ಎಂದಳು ಮಾಳಮ್ಮ. ಮೊಣಕೈ ಊರಿ ತಲೆ ಎತ್ತಿದಳು. ಮತ್ತೊಮ್ಮೆ ಕರೆದಳು. "ಬಾಯಾರ, ಒಂಬತ್ತಲ್ರಿ."

"ಮಾಳವ್ವಾ!" ಎಂದು ಅತ್ತೆ ಚೀರಿದಳು.

"ನಾ ನಾಗರ ಪಂಚಮಿಗೆ ಹೊರಗಾಗಿದ್ದೆ. ಅಲ್ಲಿಂದ ಇಲ್ಲ. ಇದು ಎಂಟ್ರಿ. ಎಂಟರಾಗ ಅದೀನಿ."

ಸೂಗಮ್ಮ ಕೈ ಬಿಟ್ಟಳು. ಕೆಂಡ ಮುಟ್ಟಿದವಳಂತೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲ ಕಡೆ ನೋಡಿದಳು. ಅಲ್ಲಿ ಮಗನ ಹೊರತು ಯಾರೂ ಇರಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನನ್ನು ದಾಟಿ ಹೊರಗೆ ಹೋಗಿಬಿಟ್ಟಳು.

ಹಮೀದಾಬೇಗಂ ಏನೂ ಗದರಿಸಲಿಲ್ಲ. ನರ್ಸ್ ನೀಲಾಬಾಯಿಯನ್ನು ಕರೆದು ಇಂಜೆಕ್ಷನ್ ತರಿಸಿದರು, ಬೇನೆ ತಡೆಯಲು ಔಷಧ ಬೆರೆಸಿದ ಸಲಾಯಿನ್ ಹಚ್ಚಿದರು. ಸೂಜಿ ಚುಚ್ಚುತ್ತ, "ಈಗ ನಿಂದು ಒಂದೇ ಕೆಲಸ. ಕಾಯೂದು," ಎಂದರು.

"ಅದು ನನಗ ಬರ್ತದ್ರಿ," ಎಂದಳು ಮಾಳಮ್ಮ.

ಆ ದಿನ, ಮರುದಿನ ಅವಳು ಕಾಲ ಕಡೆಗೆ ಇಟ್ಟಿಗೆಯಿಟ್ಟು ಎತ್ತರಿಸಿದ ಮಂಚದಲ್ಲಿ ಮಗ್ಗುಲಾಗಿ ಮಲಗಿ ಕಾದಳು. ಮರುದಿನ ಇನ್ನೊಂದು ಇಂಜೆಕ್ಷನ್ ಆಯಿತು. ಪಕ್ಕದ ಮಂಚಗಳಲ್ಲಿ ಹಡೆದವರು ಬಂದರು, ಹೋದರು. ಅವರ ಕೂಸುಗಳು ಅತ್ತಾಗಲೆಲ್ಲ ಅವಳು ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಳ್ಳುತ್ತಿದ್ದಳು, ಕೇಳು, ಹಿಂಗ ಅಳಬೇಕು ಎನ್ನುವಂತೆ. ಕಿಟಕಿಯಿಂದ ಬೇವಿನ ಗಿಡದ ಬುಡ ಕಾಣಿಸುತ್ತಿತ್ತು. ಸೂಗಮ್ಮ ಅಲ್ಲೇ ಕುಳಿತಿದ್ದಳು. ಊರಿಗೆ ಹೋಗು ಎಂದು ಮಗ ಹೇಳಿದರೂ ಹೋಗಲಿಲ್ಲ, ಒಳಗೆ ಬಾ ಎಂದರೂ ಬರಲಿಲ್ಲ. ಯಾರನ್ನೋ ಒಳಗೆ ಬಿಡಬಾರದೆಂದು ಕಾವಲಿಗೆ ಕುಳಿತವಳಂತೆ ದವಾಖಾನೆಯ ಬಾಗಿಲನ್ನೇ ನೋಡುತ್ತಿದ್ದಳು.

"ಅತ್ತಿ ಉಂಡಾರೇನು?" ಎಂದು ಮಾಳಮ್ಮ ಕೇಳುತ್ತಿದ್ದಳು.

"ಅರ್ಧಾ ರೊಟ್ಟಿ ತಿಂದಾಳ. ನೀ ಉಂಡೇನಂತ ಕೇಳ್ಲಿಕತ್ತಾಳ," ಎನ್ನುತ್ತಿದ್ದ ರೇವಣಪ್ಪ. ಎರಡೂ ಕಡೆ ಅದೇ ಮಾತು ಹೊತ್ತು ತಿರುಗಿ ಅವನಿಗೆ ಸಾಕಾಗಿತ್ತು. "ಇಬ್ಬರೂ ಕೂಡೇ ಉಣ್ಣಬಾರದೇನು? ನಾನೇನು ಪೋಸ್ಟಮ್ಯಾನಾ?"

ಮೂರನೆಯ ದಿನ ಮಧ್ಯಾಹ್ನ ಸಲಾಯಿನ್‌ಗೂ ಬೇನೆ ನಿಲ್ಲಲಿಲ್ಲ. "ಸಾಕು, ಈಗ ಬರ್ಲಿ," ಎಂದರು ಹಮೀದಾಬೇಗಂ. ಬಿಸಿಲು ಇಳಿಯುವ ಹೊತ್ತಿಗೆ ಕೂಸು ಹುಟ್ಟಿತು. ಹೆಣ್ಣು. ನೀಲಾಬಾಯಿಯ ಎರಡು ಅಂಗೈಯಲ್ಲಿ ಹಿಡಿಸುವಷ್ಟು.

ಅಳು ಬರಲಿಲ್ಲ. ಸಣ್ಣ ಕೆಮ್ಮಿನಂಥದ್ದೊಂದು ಬಂತು, ಆಮೇಲೆ ಮಾಳಮ್ಮನಿಗೆ ಕೇಳಿಸಿತು: "ಹ್ಞೂಂ." ಮತ್ತೊಂದು, "ಹ್ಞೂಂ." ಅದೇ ದನಿ. ಸೂರಿನ ಪಾರಿವಾಳದಲ್ಲಿ ಇಷ್ಟು ದಿನ ಹುಡುಕಿದ ದನಿ. ಬೇಕೆಂದು ಹಂಬಲಿಸಿದ್ದ ಅದೇ ದನಿಗೆ ಈಗ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಕಿವಿ ಯಾಕ ಮುಚ್ಚಿದಿ? ತೆಗಿ," ಎಂದರು ಡಾಕ್ಟರು. "ಎದಿ ನೋಡು. ಗುಳಿ ಬೀಳ್ತದ ಖರೇ, ಭಾಳ ಇಲ್ಲ. ತುಟಿ ಕೆಂಪಗದ. ತಡಿ."

ಹತ್ತಿ ಹಾಸಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂಸನ್ನು ಮಲಗಿಸಿ, ಮೇಲೆ ಬಲ್ಬು ಹಚ್ಚಿ, ಮೂಗಿನ ಹತ್ತಿರ ಆಕ್ಸಿಜನ್ ನಳಿಕೆ ಇಟ್ಟರು. ಪೆಟ್ಟಿಗೆ ಮಾಳಮ್ಮನ ಮಂಚಕ್ಕೆ ತಾಗಿ ಇತ್ತು. ಅವಳು ಮುಟ್ಟಲಿಲ್ಲ. ಮುಟ್ಟಿದರೆ, ಎಳೆದಂತಾದೀತೆಂದು. ಎಳೀಬಾರದು, ತಡೀಬೇಕು. ಒಳಗೆ ತೆಳ್ಳಗೆ ಹರಡಿದ ಆ ಜಿಡ್ಡು ತನ್ನ ದಾರಿ ತಾನು ಹುಡುಕಿಕೊಳ್ಳಬೇಕು. ಇದ್ದಷ್ಟು ಸಾಲುತ್ತದೋ ಇಲ್ಲವೋ ಯಾರಿಗೆ ಗೊತ್ತು. ಕಣ್ಣು ಮುಚ್ಚಿದಾಗ ಮೊದಲಿನ ಇಬ್ಬರೂ ಅವಳ ಹತ್ತಿರವೇ ಇದ್ದರು. ಆ ಪೆಟ್ಟಿಗೆಯಲ್ಲಿ ಇನ್ನಿಬ್ಬರಿಗೆ ಜಾಗವಿದೆ ಅನ್ನಿಸಿತು ಅವಳಿಗೆ.

ಬೆಳಗಾದ ಮೇಲೆ ಕಣ್ಣು ತೆರೆದಾಗ ಪೆಟ್ಟಿಗೆಯ ಆಚೆ ಸೂಗಮ್ಮ ನೆಲದ ಮೇಲೆ ಕುಳಿತಿದ್ದಳು. ಯಾವಾಗ ಬಂದಳೋ. ಅವಳ ಮುಖ ಕೂಸಿನ ಎದೆಯ ಮೇಲೆ ಬಾಗಿತ್ತು. ಸೊಸೆಯ ಕಡೆ ನೋಡದೆಯೇ ಮಾತಾಡಿದಳು.

"ರೇವಣ್ಯಾನ ಮೊದಲ ನನಗೊಂದು ಹುಟ್ಟಿತ್ತು. ಗೊತ್ತಿಲ್ಲ ನಿನಗ."

"ಇಲ್ರಿ."

"ಅದೂ ಹಿಂಗೇ ನರಳ್ತಿತ್ತು. ನಾ ಯಾರ ಮುಂದೂ ಅಂದಿದ್ದಿಲ್ಲ, ಒಂಬತ್ತೇ ಅಂದಿದ್ದೆ. ನಮ್ಮತ್ತಿ ಹೇಳಿದಂಗೇ ಅಂದಿದ್ದೆ." ಅವಳು ಪೆಟ್ಟಿಗೆಯ ಅಂಚು ಹಿಡಿದಳು. "ಆದ್ರೂ ಹೋಯಿತು. ನಾ ಮನಸಿನಾಗ ಅಂದಿರಬೇಕು, ಅದಕ್ಕ ಹೋಯಿತು ಅಂತ ತಿಳ್ಕೊಂಡಿದ್ದೆ, ಇಷ್ಟು ವರ್ಷ."

ಮಾಳಮ್ಮ ಕೈ ಚಾಚಿದಳು. ಪೆಟ್ಟಿಗೆಯ ಅಂಚಿನ ಮೇಲಿದ್ದ ಅತ್ತೆಯ ಬೆರಳುಗಳು ಸಿಕ್ಕವು. ಇಬ್ಬರೂ ಕೂಸಿನ ಎದೆ ನೋಡುತ್ತ ಕುಳಿತರು. ಅದು ಏರುತ್ತಿತ್ತು, ಇಳಿಯುತ್ತಿತ್ತು. ಎಲುಬಿನ ನಡುವಿನ ಗುಳಿ ನಿನ್ನೆಯಷ್ಟು ಆಳವಿರಲಿಲ್ಲ. ನರಳಿಕೆ ನಡುನಡುವೆ ಬಿಟ್ಟು ಹೋಗುತ್ತಿತ್ತು. ಬಿಟ್ಟಾಗಲೆಲ್ಲ ಇಬ್ಬರ ಉಸಿರೂ ನಿಲ್ಲುತ್ತಿತ್ತು. ಮತ್ತೆ ಎದೆ ಏರಿದ್ದನ್ನು ಕಂಡು ಇಬ್ಬರೂ ಉಸಿರು ಬಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನರಳಿಕೆ ಪೂರಾ ನಿಂತಿತು. ಎದೆ ಮಾತ್ರ ಸದ್ದಿಲ್ಲದೆ ಆಡುತ್ತಿತ್ತು.

ನೀಲಾಬಾಯಿ ಬಂದು ಮಂಚಕ್ಕೆ ತೂಗುಹಾಕಿದ ಚೀಟಿ ತುಂಬಲು ನಿಂತಳು. "ಎಷ್ಟು ತಿಂಗಳದ್ದು ಅಂದಿದ್ರಿ?" ಎಂದು ಕೇಳಿದಳು.

ಮಾಳಮ್ಮ ಬಾಯಿ ತೆರೆಯುವಷ್ಟರಲ್ಲಿ ಸೂಗಮ್ಮ, "ಎಂಟು," ಎಂದಳು. ಅಂದು, ಬಾಗಿಲ ಕಡೆ ನೋಡಿದಳು. ಹೊರಗೆ ಬಿಸಿಲಿತ್ತು. ಬೇವಿನ ಗಿಡದ ಕೆಳಗೆ ರೇವಣಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದ.

ಅಂದು ಸಂಜೆ ಹತ್ತಿ ಬದಲಿಸಲು ನೀಲಾಬಾಯಿ ಕೂಸನ್ನು ಎತ್ತಿದಾಗ, ತಣ್ಣನೆಯ ಕೈ ತಾಗಿತೋ ಏನೋ, ಅದು ಮುಖ ಕೆಂಪು ಮಾಡಿ, ಮುಷ್ಟಿ ಬಿಗಿದು, ಬಾಯಿ ತೆರೆಯಿತು. ಸಣ್ಣ ದನಿ. ಬೆಕ್ಕಿನ ಮರಿಯಂಥ ದನಿ. ಆದರೆ ನಡುವೆ ಮುರಿಯಲಿಲ್ಲ. ಉಸಿರು ಎಳೆದುಕೊಂಡು ಮತ್ತೆ ಶುರುವಾಯಿತು. ಎದುರು ಮಂಚದ ನಾಲವಾರ ಊರಿನ ಬಾಣಂತಿ ಮಗ್ಗುಲು ಬದಲಿಸಿ, "ಈಗ ಜರಾ ಕಣ್ಣು ಹತ್ತಿತ್ತು ನೋಡ್ರಿ. ಸುಮ್ಮ ಮಾಡಸ್ರೇ ಅದನ್ನ," ಎಂದು ಗೊಣಗಿದಳು.

ನೀಲಾಬಾಯಿ ಕೂಸನ್ನು ತಟ್ಟಲು ಕೈಯೆತ್ತಿದಳು.

"ಬ್ಯಾಡ್ರಿ," ಎಂದಳು ಮಾಳಮ್ಮ. ಅವಳು ಎದ್ದು ಕುಳಿತಿದ್ದಳು, ಸೆರಗು ಜಾರಿದ್ದೂ ತಿಳಿದಿರಲಿಲ್ಲ. "ಸುಮ್ಮ ಮಾಡಸಬ್ಯಾಡ್ರಿ. ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನ ಸ್ವಲ್ಪ ಹೊತ್ತು ಅಳ್ಲಿ ಬಿಡ್ರಿ."